ನಮ್ಮ ಹಾರ್ಟಿಗೆ ಒಳ್ಳೇದು ಅಂತ ತಿನ್ನೋ ಹಕ್ಕಿಯ ಹಾರ್ಟ್ ಬಗ್ಗೆ, ಅಮೆರಿಕದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿರೋ ಕನ್ನಡ ಬಂಧುಗಳಿಗೆಲ್ಲಾ, ಅದರಲ್ಲೂ ನಮ್ಮ ಕನ್ನಡ ಕೂಟದ ಥ್ಯಾಂಕ್ಸ್‌ಗಿವಿಂಗ್ (ಟರ್ಕಿ ಹಕ್ಕಿ ಬೇಯಿಸಿ ಮಾಡೋ ಅಮೆರಿಕದ ನವೆಂಬರ್ ಹಬ್ಬ) ಪಾಟ್‌ಲಕ್, ಅಂದ್ರೆ ಎಲ್ಲರೂ ಅಡುಗೆ ತಂದು ಹಂಚ್ಕೊಂಡು ಉಣ್ಣೋ ಊಟದ ಕಮಿಟಿಯವರಿಗೆ ನಮಸ್ಕಾರ.

ಹೋದ ವಾರ ಗ್ರೂಪಲ್ಲಿ ಮೆಸೇಜ್ ಬಂತಲ್ಲ, ಈ ಸಲ 24 ಪೌಂಡಿನ ಟರ್ಕಿ ಎರಡು, ಒಂದು ಓವನ್ನಿಗೆ ಒಂದು ಬಿರಿಯಾನಿಗೆ, ವೆಜ್‌ನವ್ರಿಗೆ ಎಂದಿನಂತೆ ಬಿಸಿಬೇಳೆಬಾತು ಅಂತ. ಅದರ ಕೆಳಗೆ ನಮ್ಮ ಒಬ್ರು ಅಣ್ಣ ಬರೆದಿದ್ರು, "ಮಟನ್ ತಂದು ಇಡಬೇಡಿ ಕಣ್ರಪ್ಪಾ, ಸ್ಟೆಂಟ್ ಹಾಕಿಸ್ಕೊಂಡೋನು ನಾನು, ಟರ್ಕಿ ಆದ್ರೆ ಹಾರ್ಟಿಗೆ ಒಳ್ಳೇದು". ಎಲ್ಲರೂ ಥಂಬ್ಸ್ ಅಪ್ ಹಾಕಿದ್ರಿ. ನಾನೂ ಹಾಕೋಣ ಅಂತ ಬೆರಳು ಇಟ್ಟೆ, ಆಮೇಲೆ ಯಾಕೋ ತೆಗೆದುಬಿಟ್ಟೆ, ಯಾಕಂದ್ರೆ ಅವತ್ತು ಬೆಳಿಗ್ಗೆ ತಾನೇ ಮೂರು ಟರ್ಕಿ ಕೊಯ್ದು ನೋಡಿ ಬಂದಿದ್ದೆ, ಮೂರಕ್ಕೆ ಮೂರೂ ಹಾರ್ಟಿನಿಂದಾನೇ ಹೋಗಿದ್ವು.

ನಿಮ್ಮಲ್ಲಿ ಸುಮಾರು ಜನಕ್ಕೆ ನಾನು ಏನು ಕೆಲಸ ಮಾಡ್ತೀನಿ ಅಂತ ಸರಿಯಾಗಿ ಗೊತ್ತಿಲ್ಲ, "ವೆಟ್" ಅಂದ ತಕ್ಷಣ ನಿಮ್ಮ ನಾಯಿಗೆ ವ್ಯಾಕ್ಸೀನ್ ಬಗ್ಗೆ ಕೇಳ್ತೀರ. ಹೆಬ್ಬಾಳದಲ್ಲಿ ಓದಿ ಬಂದೋಳು ನಾನು, ಇಲ್ಲಿ ಮಿನ್ನೆಸೋಟದಲ್ಲಿ ನನ್ನ ಕೆಲಸ ಸತ್ತ ಹಕ್ಕಿದು ಪೋಸ್ಟ್ ಮಾರ್ಟಮ್ ಮಾಡಿ ಯಾಕೆ ಸತ್ತಿದೆ ಅಂತ ರಿಪೋರ್ಟ್ ಬರೆಯೋದು. ಮಿನ್ನೆಸೋಟ ಅಂದ್ರೆ ಅಮೆರಿಕದಲ್ಲೇ ಅತಿ ಹೆಚ್ಚು ಟರ್ಕಿ ಸಾಕೋ ರಾಜ್ಯ, ವರ್ಷಕ್ಕೆ ಮೂರು ಕೋಟಿಗೂ ಮೇಲೆ. ಕ್ಯಾಂಡಿಯೋಹಾಯ್, ಸ್ಟೆರ್ನ್ಸ್ ಕೌಂಟಿ ಕಡೆ ಡ್ರೈವ್ ಮಾಡ್ತಾ ಹೋದ್ರೆ ರಸ್ತೆ ಪಕ್ಕ ಉದ್ದುದ್ದ ಬಿಳೀ ಶೆಡ್ ಕಾಣ್ಸುತ್ತಲ್ಲ, ನೀವು ಗೋಡೌನ್ ಅಂದ್ಕೊಂಡಿರ್ತೀರ, ಅದೇ ಅವು.

ಮೊದಲೇ ಒಂದು ಹೇಳ್ಬಿಡ್ತೀನಿ, ಇಲ್ದಿದ್ರೆ ನಾಳೆ ಇದೇ ಪತ್ರ ಅರ್ಧ ಕಟ್ ಆಗಿ "ಟರ್ಕಿ ತಿಂದ್ರೆ ಹಾರ್ಟ್ ಅಟ್ಯಾಕ್, ಡಾಕ್ಟರ್ ಹೇಳಿದಾರೆ" ಅಂತ ಫಾರ್ವರ್ಡ್ ಆಗಿ ನನಗೇ ವಾಪಸ್ ಬರುತ್ತೆ. ತಿಂದ್ರೆ ನಿಮಗೆ ಏನೂ ಆಗಲ್ಲ. ಇದು ಅಂಟೋ ಕಾಯಿಲೆ ಅಲ್ಲ, ವೈರಸ್ ಅಲ್ಲ. ಹಾರ್ಮೋನ್ ಇಂಜೆಕ್ಷನ್ ಅಂತೂ ಅಲ್ವೇ ಅಲ್ಲ, ಅಮೆರಿಕದಲ್ಲಿ ಕೋಳಿ ಟರ್ಕಿಗೆ ಹಾರ್ಮೋನ್ ಕೊಡೋ ಹಾಗೇ ಇಲ್ಲ, ಅದಕ್ಕೇ ಪ್ಯಾಕೆಟ್ ಮೇಲೆ "ನೋ ಹಾರ್ಮೋನ್ಸ್" ಅಂತ ದೊಡ್ಡದಾಗಿ ಹಾಕಿದ್ರೆ ಪಕ್ಕದಲ್ಲೇ ಸಣ್ಣಕ್ಷರದಲ್ಲಿ "ಕಾನೂನು ಪ್ರಕಾರ ಯಾರೂ ಕೊಡೋ ಹಾಗಿಲ್ಲ" ಅನ್ನೋ ಅರ್ಥದ ಸಾಲೂ ಹಾಕ್ಬೇಕು, ಓದಿ ನೋಡಿ. ನಾನು ಹೇಳ್ತಿರೋದು ಹಕ್ಕಿಯ ಹಾರ್ಟ್ ಬಗ್ಗೆ.

ಸರಿ, ಆ ಮೂರು ಹಕ್ಕಿ. ಗಂಡು ಟರ್ಕಿಗೆ ಇಲ್ಲಿ ಟಾಮ್ ಅಂತಾರೆ. 12 ವಾರದ ಟಾಮ್‌ಗಳು. ಹಿಂದಿನ ರಾತ್ರಿ ಚೆನ್ನಾಗಿ ತಿಂದಿದ್ವು, ಹೊಟ್ಟೆ ಚೀಲ ತುಂಬಾ ಫೀಡು, ಮೈಯಲ್ಲಿ ಒಂದು ಗಾಯ ಇಲ್ಲ, ಮಾಂಸ ಅಂದ್ರೆ ಅಷ್ಟು ಚೆನ್ನಾಗಿದೆ. ಬೆಳಿಗ್ಗೆ ಬಂದು ನೋಡಿದ್ರೆ ಬಿದ್ದಿದಾವೆ. ಕೊಯ್ದ್ರೆ ಕಿಡ್ನಿ ಸುತ್ತ ರಕ್ತ, ಲಂಗ್ಸ್ ಊದಿ ಕೆಂಪಗೆ, ಹಾರ್ಟಿನ ಎಡಗಡೆ ಗೋಡೆ ದಪ್ಪಗಾಗಿ ಒಳಗೆ ರಕ್ತಕ್ಕೆ ಜಾಗಾನೇ ಇಲ್ಲ. ಕಿಡ್ನಿ ನೋಡಿದೋರು ಕಿಡ್ನಿ ಕಾಯಿಲೆ ಅಂದ್ಕೋಬೇಕು, ನಿಜವಾಗ್ಲೂ ಸೋತಿರೋದು ಹಾರ್ಟು. 8ರಿಂದ 14 ವಾರದ ಒಳಗೆ, ಅದೂ ಗಂಡಿಗೆ, ಅದೂ ಗುಂಪಲ್ಲಿ ಚೆನ್ನಾಗಿ ಬೆಳೀತಿರೋದಕ್ಕೇ ಹೀಗಾಗೋದು. ಸೊರಗಿರೋ ಹಕ್ಕಿ ಬದುಕುತ್ತೆ, ಪೈಲ್ವಾನ್ ಥರ ಇರೋದು ಸಾಯುತ್ತೆ.

ಇದೊಂದೇ ಆಗಿದ್ರೆ ಸರಿ, ಟರ್ಕಿಗೆ ಹಾರ್ಟ್ ತೊಂದರೆ ವಯಸ್ಸಿಗೆ ಒಂದೊಂದು ಥರ ಕಾದು ಕೂತಿರುತ್ತೆ.

ಮರಿ ಇದ್ದಾಗ, 2-3 ವಾರಕ್ಕೆ, ರೌಂಡ್ ಹಾರ್ಟ್ ಅಂತ ಒಂದು. ಹಾರ್ಟಿನ ತುದಿ ಚೂಪಾಗಿ ಇರ್ಬೇಕು ಅಲ್ವಾ, ಇದರಲ್ಲಿ ಗೋಡೆ ತೆಳ್ಳಗಾಗಿ ಊದಿ ಊದಿ ಚೆಂಡಿನ ಥರ ಗುಂಡಗಾಗ್ಬಿಡುತ್ತೆ, ರಕ್ತ ತಳ್ಳೋ ಶಕ್ತಿ ಇರಲ್ಲ. ಮರಿ ರೆಕ್ಕೆ ಇಳಿಬಿಟ್ಕೊಂಡು ಪುಕ್ಕ ಕೆದರ್ಕೊಂಡು ಬ್ರೂಡರ್ (ಮರಿಗಳಿಗೆ ಶಾಖ ಕೊಡೋ ಸಾಧನ) ಕೆಳಗೆ ನಿಂತಿರುತ್ತೆ, ಏದುಸಿರು ಬಿಡ್ತಿರುತ್ತೆ, ಹೊಟ್ಟೇಲಿ ನೀರು. ಹುಟ್ಟಿನಿಂದ ಬರೋ ಗುಣವೂ ಇದೆ, ಮೊಟ್ಟೆ ಕಾವು ಕೊಡೋ ಮೆಷಿನ್ನಲ್ಲಿ ಗಾಳಿ ಆಕ್ಸಿಜನ್ ಸಾಲದೇ ಇದ್ರೂ ಜಾಸ್ತಿ ಆಗುತ್ತೆ. ಇದಕ್ಕೂ ನಮ್ಮ ಹಾರ್ಟಿಗೂ ಒಂದು ನೆಂಟಸ್ತನ ಇದೆ, ಕೇಳಿ. ಫ್ಯೂರಾಜೋಲಿಡೋನ್ ಅನ್ನೋ ಔಷಧ, ನಮ್ಮೂರಲ್ಲಿ ಭೇದಿಗೆ ಕೊಡ್ತಿದ್ರಲ್ಲ ಅದೇ, ಇಲ್ಲಿ ಮೊದಲು ಟರ್ಕಿ ಫೀಡಿಗೆ ಹಾಕ್ತಿದ್ರು. ಡೋಸ್ ಜಾಸ್ತಿ ಆದ್ರೆ ಮರಿಗಳಿಗೆ ಥೇಟ್ ಇದೇ ಥರ ಹಾರ್ಟ್ ಊದ್ತಿತ್ತು. ಮನುಷ್ಯರಿಗೆ ಬರೋ ಡೈಲೇಟೆಡ್ ಕಾರ್ಡಿಯೋಮಯೋಪತಿನೂ (ಹಾರ್ಟ್ ಊದಿ ಶಕ್ತಿ ಕಳ್ಕೊಳ್ಳೋ ಕಾಯಿಲೆ) ಹೀಗೇ ಇರೋದ್ರಿಂದ ವಿಜ್ಞಾನಿಗಳು ಇದನ್ನೇ ಬಳಸ್ಕೊಂಡ್ರು, ಬೇಕಂತಲೇ ಟರ್ಕಿ ಮರಿಗೆ ಆ ಔಷಧ ಕೊಟ್ಟು ಹಾರ್ಟ್ ಕೆಡಿಸಿ ಆಮೇಲೆ ಅದರ ಮೇಲೆ ಬೀಟಾ ಬ್ಲಾಕರ್ (ಹಾರ್ಟ್ ಬಡಿತ, ಬಿಪಿ ಇಳಿಸೋ ಔಷಧ) ಟೆಸ್ಟ್ ಮಾಡಿದ್ರು. ಆಹಾರಕ್ಕೆ ಸಾಕೋ ಪ್ರಾಣಿಗಳಿಗೆ ಆ ಔಷಧ 1991ರಲ್ಲಿ ಇಲ್ಲಿ ಬ್ಯಾನ್ ಆಯ್ತು. ಹಾಸನದಲ್ಲಿ ನಮ್ಮಪ್ಪ ದಿನಾ ರಾತ್ರಿ ಊಟ ಆದ್ಮೇಲೆ ನುಂಗೋ ಪುಟ್ಟ ಮಾತ್ರೇನೂ ಬೀಟಾ ಬ್ಲಾಕರ್ರೇ. ಅಣ್ಣಾ, ನಿಮ್ಮದೂ ಬಹುಶಃ ಅದೇ ಇರುತ್ತೆ.

ಇನ್ನು ಮೂರನೇದು, ನನಗೆ ಅತಿ ಹೆಚ್ಚು ತಲೆ ತಿನ್ನೋದು. ಆಯೋರ್ಟಾ ಒಡೆಯೋದು. ಹಾರ್ಟಿನಿಂದ ಕೆಳಗೆ ಇಳಿಯೋ ದೊಡ್ಡ ರಕ್ತನಾಳ ಹೊಟ್ಟೆ ಒಳಗೆ ಒಂದು ಕಡೆ ಪಟ್ ಅಂತ ಹರಿದು ಹೋಗುತ್ತೆ, ಒಂದೆರಡು ನಿಮಿಷದಲ್ಲಿ ಮುಗೀತು, ಹೊಟ್ಟೆ ತುಂಬಾ ಹೆಪ್ಪುಗಟ್ಟಿದ ರಕ್ತ, ಕೆಲವು ಸಲ ಕೊಕ್ಕಲ್ಲೂ ರಕ್ತ. ಕಾರಣ ಬಿಪಿ. ನಮಗೆ ಮೇಲಿನ ನಂಬರ್ 140 ಬಂದ್ರೆ ಡಾಕ್ಟರ್ ಹುಬ್ಬೇರಿಸ್ತಾರೆ, ಬೆಳೆದ ಟಾಮ್‌ಗೆ 200 ದಾಟೋದು ಮಾಮೂಲು. ಅದರ ಮೇಲೆ ಟರ್ಕಿಯ ಆಯೋರ್ಟಾದ ಆ ಕೆಳಭಾಗದ ಗೋಡೆಗೇ ರಕ್ತ ಕೊಡೋ ಸಣ್ಣ ನಾಳಗಳು ಇರಲ್ಲ, ಹಾಗಾಗಿ ಗೋಡೆ ಮೊದಲೇ ಸ್ವಲ್ಪ ವೀಕು.

ಈಗ ನಿಮಗೆ ನಂಬಕ್ಕಾಗದೇ ಇರೋದು ಒಂದು ಹೇಳ್ತೀನಿ. ಸರ್ಪಗಂಧ ಗೊತ್ತಲ್ಲ, ನಾಟಿ ವೈದ್ಯರು ನಿದ್ದೆ ಬರದೇ ಇರೋರಿಗೆ, ತಲೆ ಕೆಟ್ಟೋರಿಗೆ ಕೊಡ್ತಿದ್ದ ಬೇರು. ಬಾಂಬೆಯ ಡಾಕ್ಟರ್ ರುಸ್ತುಮ್ ಜಲ್ ವಕೀಲ್ ಅನ್ನೋರು ಅದನ್ನ ಬಿಪಿ ಪೇಶೆಂಟುಗಳಿಗೆ ಕೊಟ್ಟು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪೇಪರ್ ಬರೆದ್ರು, ಪ್ರಪಂಚ ಎಲ್ಲಾ ಕಣ್ಣು ಬಿಡ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವ್ರು ಆ ಬೇರಿನಿಂದ ಬಿಪಿ ಇಳಿಸೋ ರಿಸರ್ಪಿನ್ ಅನ್ನೋ ಅಂಶ ಬೇರೆ ಮಾಡಿದ್ರು. ಮನುಷ್ಯರ ಬಿಪಿಗೆ ಮಾತ್ರೆ ಆಯ್ತು. ಅಲ್ಲಿಂದ ಕೆಲವೇ ವರ್ಷಕ್ಕೆ ಅದು ಎಲ್ಲಿಗೆ ಬಂತು ಗೊತ್ತಾ, ಅಮೆರಿಕದ ಟರ್ಕಿ ಫೀಡಿಗೆ! ಆಯೋರ್ಟಾ ಒಡೆದು ಟಾಮ್‌ಗಳು ಸಾಯ್ತಿದ್ವಲ್ಲ, ಫೀಡಲ್ಲಿ ಒಂಚೂರು ರಿಸರ್ಪಿನ್ ಬೆರೆಸಿದ್ರೆ ಬಿಪಿ ಇಳಿಯುತ್ತೆ, ಹಕ್ಕಿ ಸುಮ್ಮನಿರುತ್ತೆ, ಒಡೆಯೋದು ಕಮ್ಮಿ ಆಗುತ್ತೆ ಅಂತ. ಕಮ್ಮಿನೂ ಆಯ್ತು. ನಾನು ಇದನ್ನ ಹಳೇ ಪುಸ್ತಕದಲ್ಲಿ ಮೊದಲ ಸಲ ಓದಿದಾಗ ಸುಮಾರು ಹೊತ್ತು ಹಾಗೇ ಕೂತಿದ್ದೆ. ಹಕ್ಕಿ ತೂಕ ಜಾಸ್ತಿ ಆಗಿ ಬಿಪಿ ಏರಿ ನಾಳ ಒಡೀತಿದೆ ಅಂತ ಗೊತ್ತಾದಾಗ "ಇಷ್ಟು ಬೇಗ ಬೆಳೆಸೋದು ಬೇಡ" ಅನ್ನೋ ಬದಲು ನಮ್ಮ ಕಾಡಿನ ಬೇರು ತಂದು ತಿನ್ನಿಸಿ ಇನ್ನೂ ಬೆಳೆಸಿದ್ರಲ್ಲಾ ಅಂತ.

ಮತ್ತೆ ಎಷ್ಟು ಬೆಳೆಸಿದ್ರು ಅಂದ್ರೆ, 1960ರಲ್ಲಿ ಅಮೆರಿಕದಲ್ಲಿ ಕಟಾವಿಗೆ ಹೋಗ್ತಿದ್ದ ಟರ್ಕಿಯ ಸರಾಸರಿ ತೂಕ ಸುಮಾರು 15 ಪೌಂಡ್, ಅಂದ್ರೆ 7 ಕೆಜಿ. ಈಗ 30 ಪೌಂಡ್ ದಾಟಿದೆ. ಟಾಮ್ ಅಂತೂ 20 ವಾರಕ್ಕೆ 20 ಕೆಜಿ ಹತ್ತಿರ ಬರುತ್ತೆ. ಐದು ತಿಂಗಳ ಮಗು ಅದು ಹಕ್ಕಿ ಲೆಕ್ಕದಲ್ಲಿ. ಎದೆ ಮಾಂಸ ಎಷ್ಟು ಅಗಲ ಅಂದ್ರೆ ಗಂಡು ಹೆಣ್ಣು ಸೇರಕ್ಕೇ ಆಗಲ್ಲ, ಎಲ್ಲಾ ಕೃತಕ ಗರ್ಭಧಾರಣೆ, ಊರಲ್ಲಿ ಹಸುಗೆ ಮಾಡಿಸ್ತೀವಲ್ಲ ಹಾಗೆ. ಮಾಂಸ ಬೆಳೀತು, ಅದಕ್ಕೆ ರಕ್ತ ಕೊಡೋ ಪಂಪು, ಪೈಪು ಆ ಸ್ಪೀಡಲ್ಲಿ ಬೆಳೀಲಿಲ್ಲ, ಇಷ್ಟೇ ಕಥೆ. ಬೋರ್‌ವೆಲ್‌ಗೆ ಹಳೇ 3 ಎಚ್‌ಪಿ ಮೋಟರ್ರೇ ಇಟ್ಕೊಂಡು ತೋಟ ಮಾತ್ರ ಎರಡು ಎಕರೆಯಿಂದ ನಾಲ್ಕು ಎಕರೆ ಮಾಡಿದ ಹಾಗೆ, ಮೋಟರ್ ಸುಟ್ಟೋಗದೇ ಇನ್ನೇನಾಗುತ್ತೆ.

ಕಾಡು ಟರ್ಕಿ ನೋಡಿದೀರಲ್ಲ, ನಮ್ಮ ಸಬರ್ಬಲ್ಲೇ ಬೆಳಿಗ್ಗೆ ಸಂಸಾರ ಸಮೇತ ರಸ್ತೆ ದಾಟ್ತಿರ್ತವೆ, ನೀವು ಕಾರು ನಿಲ್ಸಿ ವಿಡಿಯೋ ಮಾಡ್ತೀರ. ಈ ರಾಜ್ಯದಲ್ಲಿ ಪೂರ್ತಿ ನಿರ್ನಾಮ ಆಗಿ 1970ರ ದಶಕದಲ್ಲಿ ಮಿಸೌರಿಯಿಂದ ತಂದು ಬಿಟ್ಟಿದ್ದು ಅವು. ಅದೇ ಜಾತಿ, ಅದೇ ಹಕ್ಕಿ. ಅದು ಹಾರುತ್ತೆ, ರಾತ್ರಿ ಮರದ ಮೇಲೆ ಮಲಗುತ್ತೆ. ಶೆಡ್ಡಲ್ಲಿರೋದು ಒಂದು ಮಣೆ ಎತ್ತರ ಹಾರಕ್ಕೂ ಪರದಾಡುತ್ತೆ. (ಈ ಹಕ್ಕಿ ಹೆಸರೇ ಒಂದು ತಮಾಷೆ, ಮೆಕ್ಸಿಕೋ ಕಡೆಯ ಹಕ್ಕಿನ ಇಂಗ್ಲಿಷ್‌ನೋರು ಟರ್ಕಿ ದೇಶದ್ದು ಅಂದ್ರು, ಟರ್ಕಿ ದೇಶದೋರು ಇಂಡಿಯಾದ್ದು ಅನ್ನೋ ಅರ್ಥದಲ್ಲಿ "ಹಿಂದಿ" ಅಂದ್ರು, ಡಚ್ಚರು ನಮ್ಮ ಕಲ್ಲಿಕೋಟೆ ಹೆಸರಿಟ್ಟು "ಕಾಲ್ಕುನ್" ಅಂದ್ರು. 1612ರಲ್ಲಿ ಗೋವಾದಿಂದ ಒಂದನ್ನ ಜಹಾಂಗೀರನ ಆಸ್ಥಾನಕ್ಕೆ ತಗೊಂಡೋದಾಗ ಆಸ್ಥಾನದ ಚಿತ್ರಕಾರ ಮನ್ಸೂರ್ ಅದರ ಚಿತ್ರ ಬರೆದಿದಾನೆ, ತೆಳ್ಳಗೆ ಎಷ್ಟು ಚೆನ್ನಾಗಿದೆ ಗೊತ್ತಾ.)

ಈಗ ಶೆಡ್ಡಿನೋರು ಏನು ಮಾಡ್ತಾರೆ ಅಂತ ಕೇಳ್ತೀರ. ಹಾರ್ಟ್ ತೊಂದರೆ ಶುರುವಾದ್ಮೇಲೆ ಔಷಧ ಇಲ್ಲ. ಲೈಟ್ ಕಮ್ಮಿ ಮಾಡ್ತಾರೆ, ಕತ್ತಲೆ ಟೈಮ್ ಜಾಸ್ತಿ ಕೊಡ್ತಾರೆ, ಒಳಗೆ ಗದ್ದಲ ಮಾಡಲ್ಲ, ಹಕ್ಕಿ ಗಾಬರಿ ಆಗದ ಹಾಗೆ ಮೆಲ್ಲಗೆ ಓಡಾಡ್ತಾರೆ, ಫೀಡ್ ಸ್ವಲ್ಪ ಹಿಡಿದು ಬೆಳವಣಿಗೆ ನಿಧಾನ ಮಾಡ್ತಾರೆ. ಅಂದ್ರೆ ಏನು, ಚೆನ್ನಾಗಿ ನಿದ್ದೆ ಮಾಡು, ಟೆನ್ಷನ್ ಮಾಡ್ಕೋಬೇಡ, ತೂಕ ಇಳಿಸು. ಅಣ್ಣಾ, ನಿಮ್ಮ ಕಾರ್ಡಿಯಾಲಜಿಸ್ಟ್ ನಿಮಗೆ ಹೇಳಿದ್ದೂ ಇದೇ ಅಲ್ವಾ! ಒಂದೇ ವ್ಯತ್ಯಾಸ, ನೀವು ತೂಕ ಇಳಿಸಿದ್ರೆ ಅತ್ತಿಗೆ ಖುಷಿ ಪಡ್ತಾರೆ, ಟರ್ಕಿ ತೂಕ ಇಳಿಸಿದ್ರೆ ರೈತನ ಬಿಲ್ಲು ಇಳಿಯುತ್ತೆ. ಪೌಂಡ್ ಲೆಕ್ಕದಲ್ಲಿ ದುಡ್ಡು ಅವರಿಗೆ.

ರೈತರನ್ನ ಬೈಬೇಡಿ ದಯವಿಟ್ಟು. ನನಗೆ ಹಕ್ಕಿ ತಂದುಕೊಡೋರಲ್ಲಿ ಒಬ್ರು ವಯಸ್ಸಾದ ಅಜ್ಜ ಇದಾರೆ, ಸತ್ತ ಹಕ್ಕಿನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ್ರೂ ಮೇಲೆ ಒಂದು ಹಳೇ ಟವೆಲ್ ಹೊದಿಸಿ ತರ್ತಾರೆ, ಯಾಕೆ ಅಂತ ನಾನು ಕೇಳಿಲ್ಲ. ಇಲ್ಲಿ ತುಂಬಾ ಕಡೆ ನಮ್ಮೂರ ಬ್ರಾಯ್ಲರ್ ಕಾಂಟ್ರ್ಯಾಕ್ಟ್ ಥರಾನೇ, ಮರಿ ಕಂಪನೀದು, ಫೀಡ್ ಕಂಪನೀದು, ಶೆಡ್ಡು ಮತ್ತೆ ಸಾಲ ರೈತಂದು. ಯಾವ ತಳಿ ಬೇಕು ಅಂತ ಆರಿಸೋ ಮಾತು ಅವರ ಕೈಲಿಲ್ಲ. ಆರಿಸಕ್ಕೆ ಇರೋದಾದ್ರೂ ಎಷ್ಟು, ಪ್ರಪಂಚದ ದೊಡ್ಡ ಫಾರಂಗಳಿಗೆಲ್ಲಾ ಟರ್ಕಿ ತಳಿ ಕೊಡೋದು ಮುಖ್ಯವಾಗಿ ಎರಡೇ ಕಂಪನಿ. ಅವರೂ ಹಾರ್ಟ್ ಕಡೆ, ಕಾಲಿನ ಕಡೆ ನೋಡೇ ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ, ನೋಡ್ತಾರೆ, ಆದ್ರೆ ತೂಕದ ಜೊತೆ ಜೊತೆಗೇ ನೋಡ್ತಾರೆ, ತೂಕ ಬಿಟ್ಟು ನೋಡಲ್ಲ.

ನನ್ನ ಸಿಟ್ಟು ಇರೋದು ಲೆಕ್ಕದ ಮೇಲೆ. 2022ರ ಮಾರ್ಚಲ್ಲಿ ಮೀಕರ್ ಕೌಂಟಿಯ ಟರ್ಕಿ ಶೆಡ್ಡಲ್ಲಿ ಹಕ್ಕಿ ಜ್ವರ ಸಿಕ್ತಲ್ಲ, ಎಲ್ಲಾ ಟಿವಿಲೂ ಬಂತು, ನನಗೆ ನೀವೆಲ್ಲಾ ಫೋನ್ ಮಾಡಿದ್ರಿ ಮೊಟ್ಟೆ ತಿನ್ನಬಹುದಾ ಅಂತ. ಜ್ವರ ಬಂದ ಶೆಡ್ಡಲ್ಲಿ ಕೊಂದ ಹಕ್ಕಿಗೆ ಕೇಂದ್ರ ಸರ್ಕಾರ ಪರಿಹಾರ ಕೊಡುತ್ತೆ, ನಂಬರ್ ದಿನಾ ವೆಬ್‌ಸೈಟಲ್ಲಿ ಬರುತ್ತೆ. ಹಾರ್ಟಿಂದ ಸತ್ತದ್ದಕ್ಕೆ ಪರಿಹಾರನೂ ಇಲ್ಲ, ನಂಬರೂ ಇಲ್ಲ. ಕಟಾವಿಗೆ ಹೋದ ಮೇಲೆ ತಿರಸ್ಕಾರ ಆದ ಹಕ್ಕಿಗಳ ಲೆಕ್ಕ ಸರ್ಕಾರ ಇಡುತ್ತೆ, ಅದರಲ್ಲೂ ಗಡ್ಡೆ, ನಂಜು, ಗಾಯ ಅಂತೆಲ್ಲಾ ಕಾಲಮ್ ಇದಾವೆ, ಹಾರ್ಟಿಗೆ ಅಂತ ಕಾಲಮ್ ಇಲ್ಲ. ಇದ್ರೂ ಏನು, ಇವು ಶೆಡ್ಡಲ್ಲೇ ಬಿದ್ದಿರ್ತವೆ, ಲಾರಿ ಹತ್ತೋದೇ ಇಲ್ಲ. ರೈತನ ಕಾರ್ಡಲ್ಲಿ "ಮಾರ್ಟಾಲಿಟಿ" ಅಂತ ಒಂದು ಗೀಟು, ಅಷ್ಟೇ. ಮರಿ ತರೋವಾಗ್ಲೇ ನೂರಕ್ಕೆ ಇಷ್ಟು ಹೋಗ್ತವೆ ಅಂತ ಲೆಕ್ಕ ಹಾಕಿರ್ತಾರೆ, ಆ "ಇಷ್ಟು" ಒಳಗೆ ಬಂದ್ರೆ ಯಾರೂ ಕೇಳಲ್ಲ, ನನ್ನ ಹತ್ರಕ್ಕೂ ತರಲ್ಲ.

ಪ್ರತೀ ವರ್ಷ ವೈಟ್ ಹೌಸಲ್ಲಿ ಎರಡು ಟರ್ಕಿಗೆ ಕ್ಷಮಾದಾನ ಕೊಡ್ತಾರಲ್ಲ, ಮಕ್ಕಳ ಜೊತೆ ಕೂತು ನೋಡ್ತೀರ. 1989ರಿಂದ ಪದ್ಧತಿ ಅದು. 2024ರಲ್ಲಿ ನಮ್ಮ ಪಕ್ಕದ ನಾರ್ತ್‌ಫೀಲ್ಡಿನ ಪೀಚ್ ಮತ್ತೆ ಬ್ಲಾಸಮ್ ಹೋಗಿದ್ವು, ಗ್ರೂಪಲ್ಲಿ ಹೆಮ್ಮೆಯಿಂದ ಫೋಟೋ ಹಾಕಿದ್ರಿ. ಹಿಂದೆ ಹಾಗೆ ಕ್ಷಮೆ ಸಿಕ್ಕಿದ ಎಷ್ಟೋ ಹಕ್ಕಿ ಒಂದೆರಡು ವರ್ಷನೂ ಬದುಕಲಿಲ್ಲ. ಅಧ್ಯಕ್ಷರು ಕತ್ತಿಯಿಂದ ಉಳಿಸಬಹುದು, ಮೈಯಿಂದ ಹೇಗೆ ಉಳಿಸ್ತಾರೆ.

ಸರಿ, ಕಮಿಟಿಯವ್ರೇ, ಏನು ಮಾಡ್ಬೇಕು ಅಂತೀಯಮ್ಮಾ ಅಂತ ಕೇಳ್ತೀರ. ಬಿಟ್ಟೇ ಬಿಡಿ ಅಂತ ನಾನು ಹೇಳಲ್ಲ, ನಾನೇ ಬಿಟ್ಟಿಲ್ಲ, ಗೌಡರ ಮನೆ ಹುಡುಗಿ ನಾನು, ಭಾನುವಾರ ಬಾಡು ಇಲ್ದೇ ಬೆಳೆದೋಳಲ್ಲ. ಆದ್ರೆ ಒಂದು ಕೇಳ್ತೀನಿ, ಊರಿಗೆ ಹೋದಾಗ ಬ್ರಾಯ್ಲರ್ ಬೇಡ, ನಾಟಿ ಕೋಳಿನೇ ಬೇಕು ಅಂತ ಸಂತೆ ಎಲ್ಲಾ ಸುತ್ತಿ ಡಬಲ್ ದುಡ್ಡು ಕೊಟ್ಟು ತರ್ತೀರಲ್ಲ, ಬ್ರಾಯ್ಲರ್ ಕೋಳಿ "ಹಾರ್ಟ್ ಅಟ್ಯಾಕ್" ಆಗಿ ಮಗುಚಿ ಬೀಳೋದನ್ನ, ಹೊಟ್ಟೆಗೆ ನೀರು ತುಂಬಿ ಸಾಯೋದನ್ನ ಊರಲ್ಲಿ ಫಾರಂ ಇಟ್ಟಿರೋ ನಿಮ್ಮ ಭಾಮೈದನೇ ಹೇಳಿರ್ತಾನಲ್ಲ, ಆ ಬುದ್ಧಿ ಇಲ್ಲಿ ಏರ್‌ಪೋರ್ಟಲ್ಲಿ ಇಳಿದ ತಕ್ಷಣ ಎಲ್ಲಿ ಹೋಗುತ್ತೆ? ಇಲ್ಲೂ ನಾಟಿ ಟರ್ಕಿ ಇದೆ. ಹೆರಿಟೇಜ್ ಅಂತಾರೆ, ಬೋರ್ಬನ್ ರೆಡ್, ನ್ಯಾರಗ್ಯಾನ್ಸೆಟ್, ಸ್ಟ್ಯಾಂಡರ್ಡ್ ಬ್ರಾಂಜ್ ಅಂತ ತಳಿಗಳು. ತಾವೇ ಜೋಡಿ ಆಗ್ತವೆ, ಹಾರ್ತವೆ, ಬೆಳೆಯಕ್ಕೆ 28 ವಾರ ಹಿಡಿಯುತ್ತೆ, ಮಾಂಸ ಸ್ವಲ್ಪ ಗಟ್ಟಿ, ನಮ್ಮ ಮಸಾಲೆ ಹಿಡಿಯಕ್ಕೆ ಅದೇ ಸರಿ. ಬೆಲೆ ಕೇಳಿದ್ರೆ ಎದೆ ಹಿಡ್ಕೋತೀರ, ಅದು ನಿಜ. ಸೂಪರ್ ಮಾರ್ಕೆಟ್‌ನೋರು ನವೆಂಬರಲ್ಲಿ ಟರ್ಕಿನ ನಷ್ಟಕ್ಕೇ ಮಾರ್ತಾರೆ, ನಿಮ್ಮನ್ನ ಅಂಗಡಿ ಒಳಗೆ ಎಳೆಯಕ್ಕೆ, ಆ ಬೆಲೆಗೆ ಹೋಲಿಸಬೇಡಿ. 24 ಪೌಂಡಿಂದು ಎರಡು ಬೇಡ, 12 ಪೌಂಡಿನ ಒಂದು ತನ್ನಿ, ಜೊತೆಗೆ ಬಿಸಿಬೇಳೆಬಾತು ಜಾಸ್ತಿ ಮಾಡಿ, ಹೋದ ವರ್ಷ ಟರ್ಕಿ ಉಳಿದಿತ್ತು, ಬಾತು ಖಾಲಿ ಆಗಿತ್ತು, ಮರೆತ್ರಾ?

ಇನ್ನೊಂದು, ಇದು ಹಬ್ಬಕ್ಕಿಂತ ಮುಖ್ಯ. ಓವನ್ನಿಗೆ ಇಡೋ ಇಡೀ ಹಕ್ಕಿ ಹೆಚ್ಚಾಗಿ ಹೆಣ್ಣು, 12-14 ವಾರಕ್ಕೇ ಕಟಾವಾಗಿರುತ್ತೆ. ಹಾರ್ಟ್ ತೊಂದರೆ ಹೆಚ್ಚಾಗಿ ಬರೋ ಆ ದೊಡ್ಡ ಟಾಮ್‌ಗಳಲ್ಲಿ ಬದುಕಿ ಉಳಿದವುಗಳ ಮಾಂಸ ಬರೋದು ನಿಮ್ಮ ದಿನನಿತ್ಯದ ಸ್ಯಾಂಡ್‌ವಿಚ್ ಸ್ಲೈಸು, ಟರ್ಕಿ ಬೇಕನ್, ಮತ್ತೆ ನಾವೆಲ್ಲಾ "ಹೆಲ್ದಿ" ಅಂತ ಮೆಂತ್ಯ ಸೊಪ್ಪು ಹಾಕಿ ಖೀಮಾ ಮಾಡ್ತೀವಲ್ಲ ಆ ಗ್ರೌಂಡ್ ಟರ್ಕಿ, ಅದರಲ್ಲಿ. ಅಣ್ಣಾ, ಡಾಕ್ಟರ್ ನಿಮಗೆ ಮಟನ್ ಕಮ್ಮಿ ಮಾಡಿ ಅಂದಿದ್ದು, ಅದರ ಜಾಗಕ್ಕೆ ವಾರಕ್ಕೆ ಐದು ದಿನ ಇದನ್ನ ತಿನ್ನಿ ಅಂತ ಅಲ್ಲ. ಎರಡು ದಿನ ಹುರುಳಿಕಾಳು ಸಾರು ಮಾಡಿಸ್ಕೊಳ್ಳಿ. ಮಿಕ್ಕ ದಿನ ತಗೊಳ್ಳೋವಾಗ ಆ ಬ್ರಾಂಡ್‌ನೋರಿಗೆ ಒಂದು ಮೇಲ್ ಹಾಕಿ, ನಿಮ್ಮ ಟಾಮ್‌ಗಳಲ್ಲಿ ನೂರಕ್ಕೆ ಎಷ್ಟು ಶೆಡ್ಡಲ್ಲೇ ಸಾಯ್ತವೆ, ಅದರಲ್ಲಿ ಹಾರ್ಟಿಂದ ಎಷ್ಟು ಅಂತ. ಉತ್ತರ ಬರಲ್ಲ ಬಹುಶಃ, ಆದ್ರೆ ನಾನೊಬ್ಬಳೇ ಕೇಳೋದಕ್ಕೂ ನಮ್ಮ ಕೂಟದ 300 ಮನೆಯಿಂದ ಅದೇ ಪ್ರಶ್ನೆ ಹೋಗೋದಕ್ಕೂ ವ್ಯತ್ಯಾಸ ಇದೆ. ಮೇಲ್ ನಾನೇ ಬರೆದುಕೊಡ್ತೀನಿ, ನೀವು ಹೆಸರು ಹಾಕಿ ಕಳಿಸಿ ಸಾಕು.

ಆಮೇಲೆ ಹಬ್ಬದ ದಿನ ಅಡುಗೆ ಮಾಡೋರು ಟರ್ಕಿ ಒಳಗೆ ಕೈ ಹಾಕಿದ್ರೆ ಒಂದು ಪುಟ್ಟ ಪೊಟ್ಟಣ ಸಿಗುತ್ತೆ, ಕತ್ತು, ಲಿವರ್, ಗಿಜರ್ಡ್ (ಕಾಳು ಅರೆಯೋ ಗಟ್ಟಿ ಹೊಟ್ಟೆ), ಹಾರ್ಟ್ ಇರೋದು, ಪ್ರತೀ ಸಲ ಯಾರೋ ತೆಗೆಯಕ್ಕೆ ಮರೆತು ಪೇಪರ್ ಸಮೇತ ಬೇಯಿಸ್ತಾರೆ. ಈ ಸಲ ಮೊದಲೇ ತೆಗೀರಿ. ಅದು ಅದೇ ಹಕ್ಕಿದೇ ಆಗಿರ್ಬೇಕು ಅಂತೇನಿಲ್ಲ, ಫ್ಯಾಕ್ಟರೀಲಿ ಬೇರೆ ಬೇರೆ ತುಂಬ್ತಾರೆ. ಹಾರ್ಟನ್ನ ತೊಳೆದು ಅಂಗೈ ಮೇಲೆ ಇಟ್ಕೊಂಡು ನೋಡಿ, ತುದಿ ಚೂಪಾಗಿದೆಯಾ ಅಂತ. ಅದು ಲಾರಿ ಹತ್ತೋವರೆಗೂ ತಡ್ಕೊಂಡ ಹಾರ್ಟು. ಫೋಟೋ ತೆಗೆದ್ರೆ ಗ್ರೂಪಿಗೆ ಹಾಕ್ಬೇಡಿ, ವೆಜ್‌ನವ್ರು ಬೈತಾರೆ, ನನಗೆ ಪರ್ಸನಲ್ಲಾಗಿ ಕಳಿಸಿ.

ಇಂತಿ,
ಮಿನ್ನೆಸೋಟದಿಂದ ಹಾಸನದ ಒಬ್ಬ ಪಶುವೈದ್ಯೆ